ಸ್ಪಷ್ಟನೆ: ಸಂಬಳ ಮುಖ್ಯವಲ್ಲವೆಂದು ಹರ್ಜ್‌ಬರ್ಗ್ ಹೇಳಿಲ್ಲ

ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಗಳ ಮಾಲೀಕರ ನಡುವೆ, ‘ಸಂಬಳ ಹೆಚ್ಚಿಸಿ ಪ್ರಯೋಜನವಿಲ್ಲ, ಬೆನ್ನು ತಟ್ಟಿದರೆ ಸಾಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಸಾಬೀತುಪಡಿಸಿದ್ದಾರೆ’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಪಿಟ್ಸ್‌ಬರ್ಗ್ ಭಾಗದ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಸಂದರ್ಶಿಸಿ, ಹರ್ಜ್‌ಬರ್ಗ್ ತಮ್ಮ ಸಹೋದ್ಯೋಗಿಗಳೊಂದಿಗೆ 1959ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂಬಳ, ಮೇಲ್ವಿಚಾರಣೆ, ಕೆಲಸದ ಪರಿಸರ ಇವುಗಳಲ್ಲಿನ ಕೊರತೆ ಅತೃಪ್ತಿಯನ್ನು ಹುಟ್ಟಿಸುತ್ತದೆ. ಆದರೆ ಅವು ಸರಿಯಾಗಿದ್ದ ಮಾತ್ರಕ್ಕೆ ಉತ್ಸಾಹ ಮೂಡುವುದಿಲ್ಲ, ಅದಕ್ಕೆ ಸಾಧನೆ, ಮನ್ನಣೆ, ಹೊಣೆಗಾರಿಕೆಗಳೂ ಬೇಕು. ಆದ್ದರಿಂದ ಎರಡು ತಿಂಗಳ ಓವರ್‌ಟೈಮ್ ಹಣ ಬಾಕಿಯಿರುವ ಲೇಥ್ ಕೆಲಸಗಾರನಿಗೆ ‘ಉತ್ತಮ ಕಾರ್ಮಿಕ’ ಫಲಕ ಕೊಟ್ಟರೆ (ಶಾಲು, ಹಾರ ಸಮೇತವೇ ಇರಲಿ) ಅವನ ಅಸಮಾಧಾನ ಕರಗದು. ಅಲ್ಲದೆ, ಆ ಮುಖ್ಯ ಅಧ್ಯಯನದಲ್ಲಿ ಯಂತ್ರದ ಮುಂದೆ ನಿಂತು ದುಡಿಯುವವರನ್ನು ಕೇಳಿರಲೇ ಇಲ್ಲ.