ಕುದುರೆ ಬಿಟ್ಟ ದಾರಿ, ನಾಲೆಯ ಏರಿ

ಯುರೋಪಿನ ಸೈಕಲ್ ದಾರಿಗಳನ್ನು ಹೊಗಳಲು ಹೊರಟ ನಮ್ಮವರು ಎರಡೇ ಸಾಲಿಗೆ ‘ಅಲ್ಲಿಯವರ ಶಿಸ್ತು, ನಮ್ಮವರ ಅಶಿಸ್ತು’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಮ್ಯೂನಿಕ್‌ನಲ್ಲಿ ನೆಲೆಸಿ ವರ್ಷಗಳಾದವು, ಆ ಮಾತು ನನಗೆ ಒಗ್ಗಲೇ ಇಲ್ಲ. ಕಳೆದ ಬೇಸಿಗೆಯಲ್ಲಿ ಹೆಂಡತಿಯೊಂದಿಗೆ ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಹೋದಾಗಲಂತೂ ಅದು ಎಷ್ಟು ಪೊಳ್ಳು ಎಂಬುದು ಖಚಿತವಾಯಿತು. 300 ಕಿಲೋಮೀಟರ್ ದಾಟುವ ಆ ದಾರಿಯ ಬಹುಭಾಗವನ್ನು ಯಾರೂ ಸೈಕಲ್‌ಗೆಂದು ಮಾಡಿದ್ದಲ್ಲ. ಅದು ಕುದುರೆಗಳ ದಾರಿ.

ಡ್ಯಾನ್ಯೂಬ್ ಪೂರ್ವಕ್ಕೆ ಹರಿಯುತ್ತದೆ. ಸರಕಿನ ದೋಣಿ ಪೂರ್ವಕ್ಕೆ ಹೋಗುವಾಗ ಹೊಳೆಯೇ ಹೊತ್ತೊಯ್ಯುತ್ತದೆ. ವಾಪಸ್ಸು ಬರುವುದು ಹೇಗೆ? ದಂಡೆಯ ಮೇಲೆ ಕುದುರೆಗಳನ್ನು ಸಾಲಾಗಿ ಕಟ್ಟಿ, ಹಗ್ಗ ಬಿಗಿದು, ಪ್ರವಾಹಕ್ಕೆ ಎದುರಾಗಿ ದೋಣಿಗಳನ್ನು ಎಳೆಸುತ್ತಿದ್ದರು. ದೋಣಿಗಳ ಒಂದು ಸಾಲಿಗೆ ಹತ್ತಾರು ಕುದುರೆಗಳು, ಅವನ್ನು ಹೊಡೆಯುವ ಆಳುಗಳು, ಮುಂದೆ ಆಳ ನೋಡುತ್ತಾ ಹೋಗುವವನೊಬ್ಬ. 19ನೆಯ ಶತಮಾನದಲ್ಲಿ ಉಗಿಹಡಗು ಬಂದು ಕುದುರೆಗಳ ಕೆಲಸ ಮುಗಿಯಿತು. ದಾರಿ ಮಾತ್ರ ಉಳಿಯಿತು. ಪಕ್ಕದ ಜಮೀನಿನವನು ಬೇಲಿ ಮುಂದಕ್ಕೆ ಹಾಕಿಕೊಂಡು ಅದನ್ನು ನುಂಗಲಿಲ್ಲ, ಯಾರೂ ಅದರ ಮೇಲೆ ಕಲ್ಯಾಣಮಂಟಪ ಕಟ್ಟಲಿಲ್ಲ. ದಂಡೆ ಕುಸಿದರೆ ದುರಸ್ತಿ ಮಾಡಲು, ನದಿಗೆ ಇಳಿಯಲು ದಾರಿ ಬೇಕೇ ಬೇಕಾದ್ದರಿಂದ ಅದು ಇವತ್ತಿಗೂ ಜಲಸಾರಿಗೆಯ ಸರ್ಕಾರಿ ಸಂಸ್ಥೆಯ ನಿರ್ವಹಣೆಯಲ್ಲಿದೆ. ಸೈಕಲ್‌ನವರು ಬಂದದ್ದು ಎಲ್ಲರಿಗಿಂತ ಕೊನೆಗೆ. ಭಾರ ಎಳೆಯುವ ಕುದುರೆಗೆ ಏರು ಆಗುವುದಿಲ್ಲ, ಹಾಗಾಗಿ ದಾರಿಯನ್ನು ನೀರಿನ ಮಟ್ಟಕ್ಕೇ ಹಿಡಿದು ಒಯ್ದಿದ್ದರು. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು ಇಂದು ಅಲ್ಲಿ ಹಾಯಾಗಿ ಸಾಗುತ್ತಿರುವುದು ಆ ಕುದುರೆಗಳ ಪುಣ್ಯದಿಂದ.

ಪಸ್ಸಾವ್ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದ್ದರೆ ವಿಯೆನ್ನಾದ ದಂಡೆ ಸುಮಾರು 160 ಮೀಟರ್. ಅಷ್ಟು ದೂರಕ್ಕೆ ಅಷ್ಟೇ ಇಳಿಜಾರು, ತುಳಿಯುವ ಕಾಲಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ದಂಡೆಯ ಫಲಕಗಳಿಂದ. ಈ ನದಿಯ ಕಿಲೋಮೀಟರುಗಳನ್ನು ಮೂಲದಿಂದ ಎಣಿಸುವುದಿಲ್ಲ, ಕಪ್ಪು ಸಮುದ್ರದ ಕಡೆಯಿಂದ ಹಿಂದಕ್ಕೆ ಎಣಿಸುತ್ತಾರೆ. ಪಸ್ಸಾವ್‌ನಲ್ಲಿ 2,200 ಮೀರಿದ್ದ ಸಂಖ್ಯೆ ವಿಯೆನ್ನಾ ಸಮೀಪಿಸುವಾಗ 1,930ರ ಆಸುಪಾಸಿಗೆ ಇಳಿದಿರುತ್ತದೆ. ಹತ್ತು ದೇಶಗಳನ್ನು ಮುಟ್ಟುವ ಹೊಳೆಗೆ ಹುಟ್ಟಿದ್ದೆಲ್ಲಿ ಎನ್ನುವುದಕ್ಕಿಂತ ಸೇರಬೇಕಾದದ್ದು ಎಲ್ಲಿ ಎನ್ನುವ ಲೆಕ್ಕವೇ ನಾವಿಕರಿಗೆ ಮುಖ್ಯ. ತಲಕಾವೇರಿಯ ಕುಂಡಿಕೆಯಿಂದಲೇ ಎಲ್ಲವನ್ನೂ ಶುರು ಮಾಡುವ ನನ್ನಂಥವನಿಗೆ ಇದು ವಿಚಿತ್ರವೆನಿಸಿತು.

ಪಸ್ಸಾವ್ ಮೂರು ನದಿಗಳು ಕೂಡುವ ಊರು: ಡ್ಯಾನ್ಯೂಬ್, ಇನ್, ಇಲ್ಟ್ಸ್. ಕೂಡಲಿಯಲ್ಲಿ ನಿಂತರೆ ಮೂರು ಬಣ್ಣದ ನೀರು ಬೇರೆ ಬೇರೆಯಾಗಿ ಕಾಣುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪುರಭವನದ ಗೋಪುರದ ಗೋಡೆ. ನೆರೆ ಬಂದಾಗಲೆಲ್ಲ ನೀರು ಎಲ್ಲಿಯವರೆಗೆ ಏರಿತು ಎಂದು ಗೆರೆ ಎಳೆದು ಪಕ್ಕದಲ್ಲಿ ಇಸವಿ ಬರೆದಿದ್ದಾರೆ. 2013ರ ಜೂನ್‌ನಲ್ಲಿ ನೀರಿನ ಮಟ್ಟ 12.89 ಮೀಟರ್ ಮುಟ್ಟಿತ್ತು, 1501ರ ನಂತರ ಅಷ್ಟು ನೀರು ಬಂದದ್ದೇ ಇಲ್ಲ. ಆ ಗೆರೆ ನನ್ನ ತಲೆಗಿಂತ ಎಷ್ಟೋ ಮೇಲಿತ್ತು. ಮುಂದಿನ ಹಳ್ಳಿಗಳಲ್ಲೂ ಹೀಗೆಯೇ, ಯಾರದೋ ಮನೆಯ ಬಾಗಿಲ ಪಕ್ಕದಲ್ಲಿ, ಹೋಟೆಲಿನ ಗೋಡೆಯಲ್ಲಿ ಗೆರೆ ಮತ್ತು ಇಸವಿ. ಎರಡು ನೆರೆಗಳ ನಡುವೆ ನಾವು ಎಲ್ಲವನ್ನೂ ಮರೆತು ಹೊಳೆಯ ಮೈಮೇಲೆ ಬಡಾವಣೆ ಕಟ್ಟುತ್ತೇವಲ್ಲ, ಅದಕ್ಕೆ ಇಂಥ ಗೆರೆಯೊಂದು ನಮ್ಮಲ್ಲಿಯೂ ಇರಬೇಕಿತ್ತು ಅನಿಸಿತು.

ಅಲ್ಲಿಂದ ಮುಂದೆ ಶ್ಲೋಗೆನ್ ಎಂಬಲ್ಲಿ ಬೆಟ್ಟಕ್ಕೆ ಎದುರಾದ ನದಿ ಪೂರಾ ತಿರುಗಿ ಬಂದ ದಿಕ್ಕಿಗೇ ಹರಿಯತೊಡಗುತ್ತದೆ. ಒಂದು ದಂಡೆಯಲ್ಲಿ ದಾರಿಯೇ ಇಲ್ಲ, ಸೈಕಲ್ ಸಮೇತ ದೋಣಿ ಹತ್ತಬೇಕು. ಕಾಡು, ನೀರು, ದೋಣಿಯವನ ಗಡ್ಡ, ಎಲ್ಲವೂ ಚೆನ್ನ. ಫೋಟೋ ತೆಗೆಯುವವರ ಸಾಲು ಕಂಡು ನಾವು ಬೇಗ ಮುಂದೆ ಹೊರಟೆವು.

ಇನ್ನು ನೀರಡಿಕೆಯ ವಿಷಯ. ಭಾನುವಾರ ಜರ್ಮನಿ, ಆಸ್ಟ್ರಿಯಾಗಳಲ್ಲಿ ಅಂಗಡಿಗಳೆಲ್ಲ ಬಂದ್. ಹಳ್ಳಿಯಲ್ಲಿ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಬಾಟಲಿ ಬರಿದಾದಾಗ ಪಳಗಿದ ಸೈಕಲ್‌ನವರು ಹುಡುಕುವುದು ಚರ್ಚಿನ ಪಕ್ಕದ ಸ್ಮಶಾನವನ್ನು. ಸಮಾಧಿಯ ಮೇಲಿನ ಹೂಗಿಡಗಳಿಗೆ ನೀರು ಹಾಕಲು ಅಲ್ಲಿ ನಲ್ಲಿ ಇದ್ದೇ ಇರುತ್ತದೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇಲ್ಲದಿದ್ದರೆ ತುಂಬಿಸಿಕೊಳ್ಳಬಹುದು. ಇದನ್ನು ಸಂಜೆ ಊರಿಗೆ ಫೋನ್ ಮಾಡಿದಾಗ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ‘ರೈಲಿಗೆ ದುಡ್ಡಿರಲಿಲ್ಲವೇನಪ್ಪ? ನೀನು ಹಾಳಾಗಿ ಹೋಗು, ಸೊಸೆಗೂ ಸ್ಮಶಾನದ ನೀರು ಕುಡಿಸಿದೆಯಾ?’ ಎಂದರು. ಇಬ್ಬರೂ ತಲೆಗೆ ಸ್ನಾನ ಮಾಡಬೇಕೆಂಬ ಆಜ್ಞೆಯೂ ಆಯಿತು.

ಅವ್ವನ ಮಾತಿನಲ್ಲಿ ಒಂದು ನ್ಯಾಯವಿದೆ. ಬನ್ನೂರು ರಸ್ತೆಯಲ್ಲಿ ಬಾಯಾರಿದವನು ಯಾವ ಮನೆಯ ಜಗಲಿಯ ಮುಂದೆ ನಿಂತರೂ ಒಂದು ಚೊಂಬು ನೀರು ಬರುತ್ತದೆ, ಅದರ ಹಿಂದೆಯೇ ‘ಯಾವೂರು, ಯಾರ ಕಡೆಯವರು’ ಎಂಬ ವಿಚಾರಣೆಯೂ ಬರುತ್ತದೆ. ಡ್ಯಾನ್ಯೂಬ್ ದಂಡೆಯಲ್ಲಿ ನಮ್ಮನ್ನು ಕುತೂಹಲದಿಂದ ಕೇಳಿದವರೆಂದರೆ ಇತರ ಸೈಕಲ್ ಪ್ರವಾಸಿಗಳು ಮಾತ್ರ, ಅದೂ ಬ್ಯಾಟರಿ ಎಷ್ಟು ದೂರ ಬರುತ್ತದೆ ಎಂದು. ನಮ್ಮದು ಬ್ಯಾಟರಿ ಇಲ್ಲದ ಸೈಕಲ್ ಎಂದು ತಿಳಿದಾಗ ಅವರ ಕಣ್ಣಿನಲ್ಲಿ ಕನಿಕರ ಕಂಡಿತು. ಅಲ್ಲಿ ಈ ಪ್ರವಾಸ ಬಹುಮಟ್ಟಿಗೆ ಪಿಂಚಣಿದಾರರದು, ಕೈಯಲ್ಲಿ ನಾಲ್ಕು ಕಾಸಿರುವವರದು. ದುಡ್ಡು ಕೊಟ್ಟರೆ ನಿಮ್ಮ ಪೆಟ್ಟಿಗೆಯನ್ನು ಒಂದು ವಸತಿಗೃಹದಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಸಾಗಿಸುತ್ತಾರೆ. ನೆನೆದ ಬಟ್ಟೆ ಒಣಗಿಸಲೆಂದೇ ಒಂದು ಕೋಣೆ, ಸೈಕಲ್‌ಗೆ ಬೀಗದ ಕೊಟ್ಟಿಗೆ. ಇದೆಲ್ಲ ಒಳ್ಳೆಯದೇ. ಆದರೆ ಇದನ್ನು ನೋಡಿ ‘ಸಾಮಾನ್ಯ ಜನರ ಸೈಕಲ್ ಸಂಸ್ಕೃತಿ’ ಎಂದು ಕರೆಯುವುದು ಅತಿಯಾಯಿತು.

ಲಿಂಟ್ಸ್ ನಗರ ದಾಟಿದ ಮೇಲೆ ಮೌಟ್‌ಹೌಸನ್ ಬರುತ್ತದೆ. ದಾರಿ ನದಿಯ ಪಕ್ಕದಲ್ಲಿ ತಣ್ಣಗೆ ಸಾಗುತ್ತದೆ. ನಾಜಿಗಳ ಯಾತನಾ ಶಿಬಿರ ಇದ್ದದ್ದು ಮೇಲಿನ ಗುಡ್ಡದಲ್ಲಿ. ಈ ಪ್ರವಾಸದ ನಿಜವಾದ ಏರು ಅದೊಂದೇ, ಹಾಗಾಗಿ ಎಷ್ಟೋ ಜನ ಹತ್ತುವುದೇ ಇಲ್ಲ. ನಾವು ಸೈಕಲ್ ತಳ್ಳಿಕೊಂಡು ಹತ್ತಿದೆವು. 1938ರಿಂದ 1945ರವರೆಗೆ ಇಲ್ಲಿಯೂ ಇದರ ಉಪಶಿಬಿರಗಳಲ್ಲಿಯೂ ಸುಮಾರು 1,90,000 ಜನರನ್ನು ಕೂಡಿಹಾಕಿದ್ದರು, ಅವರಲ್ಲಿ ಕಡಿಮೆಯೆಂದರೂ 90,000 ಮಂದಿ ಸತ್ತರು. ಶಿಬಿರವನ್ನು ಇಲ್ಲಿಯೇ ಮಾಡಿದ್ದು ಕಲ್ಲುಗಣಿಗಾಗಿ. ಗ್ರಾನೈಟ್ ಬಂಡೆಗಳನ್ನು ಬೆನ್ನ ಮೇಲೆ ಹೊರಿಸಿ ಕೈದಿಗಳನ್ನು 186 ಮೆಟ್ಟಿಲು ಹತ್ತಿಸುತ್ತಿದ್ದರು. ಮೇಲಿನವನು ಬಿದ್ದರೆ ಕೆಳಗಿನ ಸಾಲೂ ಉರುಳುತ್ತಿತ್ತು. ಗಣಿಯ ತಳದಲ್ಲಿ ಈಗ ಹುಲ್ಲು ಬೆಳೆದಿದೆ. ಅಂಚಿನಿಂದ ನೋಡಿದರೆ ಸುತ್ತಲಿನ ಹೊಲ, ಹಳ್ಳಿ, ಚರ್ಚಿನ ಗೋಪುರ ಎಲ್ಲವೂ ಕಾಣುತ್ತವೆ. ಅಂದರೆ ಅಲ್ಲಿಂದಲೂ ಇದು ಕಾಣುತ್ತಿತ್ತು. ಶಿಸ್ತಿನ ಬಗ್ಗೆ ಭಾಷಣ ಮಾಡುವವರನ್ನು ಕರೆದುಕೊಂಡು ಬಂದು ಇಲ್ಲಿ ಅರ್ಧ ಗಂಟೆ ನಿಲ್ಲಿಸಬೇಕು.

ಮುಂದಿನ ಗ್ರೈನ್ ಪಟ್ಟಣದಲ್ಲಿ 1791ರ ಪುಟ್ಟ ರಂಗಮಂದಿರವಿದೆ, ತಮ್ಮ ಕುರ್ಚಿಗೆ ಬೇರೆಯವರು ಕೂರದಂತೆ ಬೀಗ ಹಾಕಿಕೊಳ್ಳುವ ವ್ಯವಸ್ಥೆ ಸಮೇತ. ಮೆಲ್ಕ್‌ನಲ್ಲಿ 1089ರಿಂದ ಬೆನೆಡಿಕ್ಟ್ ಪಂಥದ ಸನ್ಯಾಸಿಗಳಿದ್ದಾರೆ. ಈಗ ಕಾಣುವ ಹಳದಿ ಅರಮನೆಯಂಥ ಮಠ 18ನೆಯ ಶತಮಾನದ್ದು. ಇಷ್ಟು ವೈಭವದ ನಡುವೆ ವೈರಾಗ್ಯ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ ನಮ್ಮ ಮಠಗಳನ್ನು ಕಂಡವನಿಗೆ ಹೊಸದೇನಲ್ಲ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಕಟ್ಟಡಗಳು ಮಾತ್ರವಲ್ಲ, ಇಡೀ ಕಣಿವೆ: ಗುಡ್ಡದ ಮೈಗೆ ಗಾರೆಯಿಲ್ಲದೆ ಕಲ್ಲು ಜೋಡಿಸಿ ಮಾಡಿದ ಮೆಟ್ಟಿಲು ಹೊಲಗಳು, ಅವುಗಳ ಮೇಲಿನ ದ್ರಾಕ್ಷಿ, ಕೆಳಗಿನ ಏಪ್ರಿಕಾಟ್ ತೋಟಗಳು. ಡ್ಯೂರ್ನ್‌ಸ್ಟೈನ್ ಬೆಟ್ಟದ ಮೇಲಿನ ಪಾಳುಕೋಟೆಯಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192-93ರಲ್ಲಿ ಸೆರೆಯಿಟ್ಟಿದ್ದರು, ಅವನ ಬಿಡುಗಡೆಗೆ ತೆತ್ತ ಬೆಳ್ಳಿಯಿಂದ ಆಸ್ಟ್ರಿಯಾದ ಊರುಗಳಿಗೆ ಕೋಟೆ ಎದ್ದಿತು. ನನಗೆ ರಾಜನಿಗಿಂತ ಹಣ್ಣು ರುಚಿಸಿತು. ತೋಟದ ಬೇಲಿಯ ಬಳಿ ಒಂದು ಮೇಜು, ಅದರ ಮೇಲೆ ರಟ್ಟಿನ ಬುಟ್ಟಿಗಳಲ್ಲಿ ಏಪ್ರಿಕಾಟ್, ಪಕ್ಕದಲ್ಲಿ ತೂತು ಕೊರೆದ ತಗಡಿನ ಡಬ್ಬಿ. ಬೆಲೆ ಬರೆದ ಚೀಟಿ ಮಳೆಗೆ ಕಲೆಸಿ ಹೋಗಿತ್ತು. ಮಾರುವವರು ಯಾರೂ ಇಲ್ಲ. ನಾಣ್ಯ ಹಾಕಿ ಬುಟ್ಟಿ ಎತ್ತಿಕೊಂಡೆವು. ಬಿಸಿಲಿಗೆ ಕಾದ ಹಣ್ಣು, ಕಚ್ಚಿದರೆ ಗದ್ದದವರೆಗೆ ರಸ. ಬೇಲಿಯ ಪಕ್ಕದಲ್ಲಿ ಹಾದುಹೋಗುವುದು ಹೆದ್ದಾರಿಯಾಗಿದ್ದರೆ ಆ ಮೇಜು ಅಲ್ಲಿ ಇರುತ್ತಿರಲಿಲ್ಲ; ನಿಧಾನವಾಗಿ ಹೋಗುವವನೇ ಅದರ ಗಿರಾಕಿ.

ಈಗ ನಮ್ಮೂರಿಗೆ ಬರುತ್ತೇನೆ. ಶ್ರೀರಂಗಪಟ್ಟಣ, ಬನ್ನೂರು, ಸೋಮನಾಥಪುರ, ತಿರುಮಕೂಡಲು ನರಸೀಪುರ, ತಲಕಾಡು, ಶಿವನಸಮುದ್ರ. ಹೆಚ್ಚುಕಡಿಮೆ ನೂರು ಕಿಲೋಮೀಟರ್. 1799ರಲ್ಲಿ ಟಿಪ್ಪು ಬಿದ್ದ ಕೋಟೆಯಿಂದ ಹೊರಟು, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹೊಯ್ಸಳ ದೇಗುಲ, ಕಾವೇರಿ ಕಪಿಲೆಯರ ಸಂಗಮ, ಮರಳಿನಡಿಯ ಗುಡಿಗಳು, ಕೊನೆಗೆ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಜಲಪಾತ. ವಾಖಾವ್‌ನ ಮುಂದೆ ಇಟ್ಟು ನೋಡಿದರೂ ತೂಕ ಕಡಿಮೆ ಬೀಳುವುದಿಲ್ಲ. ದಾರಿಯೂ ಇದೆ! ನಾಲೆಯಲ್ಲಿ ನೀರು ತಾನಾಗಿ ಹರಿಯಬೇಕಾದ್ದರಿಂದ ಅದಕ್ಕೆ ಏರಿಳಿತ ಇರುವಂತಿಲ್ಲ. ನಾಲೆಗಿಲ್ಲದ ಏರಿಳಿತ ಅದರ ಏರಿಗೂ ಇಲ್ಲ. ಕುದುರೆ ದಾರಿಯ ಲೆಕ್ಕವೇ ಇದು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ, ವಿರಿಜಾ ನಾಲೆ, ವಿಶ್ವೇಶ್ವರಯ್ಯ ನಾಲೆ, ಎಲ್ಲಕ್ಕೂ ನೀರುಗಂಟಿ ಓಡಾಡಲು, ಹೂಳೆತ್ತಲು ಏರಿ ಬೇಕು, ಆದ್ದರಿಂದ ಏರಿ ಇದೆ. ಪಾಂಡವಪುರ ಕಡೆಯ ನಾವೆಲ್ಲ ಸೈಕಲ್ ಕಲಿತದ್ದು, ಕಲಿಯುತ್ತಾ ನಾಲೆಗೆ ಬಿದ್ದದ್ದು ಆ ಏರಿಯ ಮೇಲೆಯೇ.

ಹೊರನಾಡಿನ ಗೆಳೆಯರು ಸೇರಿದಾಗ ‘ಕಾವೇರಿ ಸೈಕಲ್ ಪಥ’ದ ಮಾತು ಬರುತ್ತದೆ: ಬಣ್ಣದ ಟೈಲ್ಸ್, ಸೆಲ್ಫಿ ಪಾಯಿಂಟ್, ರೆಸಾರ್ಟ್. ನನಗೆ ಅದು ಬೇಡ. ಏರಿಯ ಮೇಲೆ ಈಗಾಗಲೇ ಸೈಕಲ್ ತುಳಿಯುವವರಿದ್ದಾರೆ. ಹಿಂದಿನ ಕ್ಯಾರಿಯರ್‌ಗೆ ಹುಲ್ಲಿನ ಹೊರೆ ಬಿಗಿದು, ಹ್ಯಾಂಡಲ್‌ಗೆ ಕುಡುಗೋಲು ಸಿಕ್ಕಿಸಿಕೊಂಡು ಬರುವ ಹೆಂಗಸನ್ನು ನೋಡಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಕಾಲು ಊರಲು ಆಕೆಗೆ ಜಾಗವಿಲ್ಲ, ಒಂದು ಕಡೆ ಚಕ್ರ, ಇನ್ನೊಂದು ಕಡೆ ನೀರು. 8ನೇ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಿಂದ ಕೊಡುತ್ತಿದ್ದ ಸೈಕಲ್‌ನಿಂದ ಎಷ್ಟೋ ಹುಡುಗಿಯರು ಹೈಸ್ಕೂಲು ಮುಟ್ಟಿದರು. ಕೊರೊನಾ ಬಂದಾಗ ಆ ಯೋಜನೆ ನಿಂತಿತು. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ನಾಲೆಗೆ ತಡೆಗೋಡೆ ಕಟ್ಟಿ ಎಂದು ನಮ್ಮ ಕಡೆಯವರು ಕೇಳಿದ್ದು ಪ್ರವಾಸೋದ್ಯಮಕ್ಕಾಗಿ ಅಲ್ಲ.

ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕು, ಆಟೊ, ಸೈಕಲ್‌ಗಳಿಗೆ ಪ್ರವೇಶವಿಲ್ಲ. ಆ ವೇಗದ ರಸ್ತೆಯಲ್ಲಿ ಸೈಕಲ್ ಬೇಡ ಎನ್ನುವುದು ಸರಿಯೇ. ಹಾಗಾದರೆ ಅವರಿಗೆ ಬಿಟ್ಟುಕೊಟ್ಟ ಸರ್ವೀಸ್ ರಸ್ತೆ ಊರಿಂದ ಊರಿಗೆ ಎಲ್ಲಿಯೂ ಕಡಿಯದೆ ಹೋಗಬೇಕು. ಜರ್ಮನಿಯಲ್ಲಿ ಹೆದ್ದಾರಿಯಿಂದ ಸೈಕಲನ್ನು ಹೊರಗಿಡುವಾಗ ಪಕ್ಕದ ಹಳ್ಳಿ ರಸ್ತೆಯನ್ನು ತೋರಿಸುವ ಪುಟ್ಟ ಫಲಕ ಪ್ರತಿ ಕವಲಿನಲ್ಲೂ ಇರುತ್ತದೆ. ನಾನು ಅಲ್ಲಿಂದ ತರಬಯಸುವುದು ಆ ಫಲಕವನ್ನು, ತಡೆಗೋಡೆಯನ್ನು ಮತ್ತು ರಸ್ತೆಯ ಅಂಚಿನಲ್ಲಿ ಡಾಂಬರು ಹಾಕಿದ ಒಂದು ಮೀಟರ್ ಅಗಲವನ್ನು. ಹುಲ್ಲಿನ ಹೊರೆಯ ಸೈಕಲ್‌ಗೆ ಸಾಲುವಷ್ಟು ಜಾಗ ಪ್ರವಾಸಿಗೂ ಸಾಲುತ್ತದೆ. ಸೋಮನಾಥಪುರಕ್ಕೆ ಸೈಕಲ್‌ನಲ್ಲಿ ಬರಲು ನನ್ನ ಜೊತೆ ಕೆಲಸ ಮಾಡುವ ಇಬ್ಬರು ಜರ್ಮನರು ಸಿದ್ಧರಿದ್ದಾರೆ. ರೆಸಾರ್ಟ್ ಇದೆಯೇ ಎಂದು ಅವರು ಇನ್ನೂ ಕೇಳಿಲ್ಲ. ಕಬ್ಬಿನ ಲಾರಿಗಳು ಎಷ್ಟು ಹತ್ತಿರದಿಂದ ಹಾದುಹೋಗುತ್ತವೆ ಎಂದು ಮಾತ್ರ ಎರಡು ಸಲ ಕೇಳಿದ್ದಾರೆ.