ಮುಂಜಾನೆ ಐದೂವರೆಯ ಗಿರಾಕಿ

ಮೊನ್ನೆ ಬೆಳಗಿನ 5:35ಕ್ಕೆ ಕಾಕಾ ಫೋನ್ ಮಾಡಿದರು. ಕಲಬುರಗಿಯಲ್ಲಿ ರಗ್ಗು ಹೊದ್ದು ಮಲಗುವ ಭಾಗ್ಯ ವರ್ಷಕ್ಕೆ ಒಂದೂವರೆ ತಿಂಗಳು ಸಿಕ್ಕರೆ ಜಾಸ್ತಿ, ಉಳಿದದ್ದೆಲ್ಲ ಬೆವರು. ಆ ಒಂದೂವರೆ ತಿಂಗಳಲ್ಲೂ ಫೋನ್ ಬಡಿದುಕೊಂಡರೆ ಸಿಟ್ಟು ಬರುತ್ತೋ ಇಲ್ವೋ, ನೀವೇ ಹೇಳಿ. ಎತ್ತಿದೆ. ಆ ಕಡೆಯಿಂದ ಹಲೋ ಕೂಡ ಇಲ್ಲ.

"ತಮ್ಮಾ, ನಮ್ಮ ಬೋರ್ಡ್ ಯಾರೋ ಕಿತ್ತಾರ!"

ನಮ್ಮ ದಾಲ್ ಮಿಲ್ಲಿನ ಬೋರ್ಡನ್ನು ಗೇಟಿಗೇ ವೆಲ್ಡಿಂಗ್ ಮಾಡಿಸಿದ್ದೇವೆ. ಅದನ್ನು ಕಿತ್ತಿದ್ದಾರೆ ಅಂದರೆ ಗೇಟೂ ಹೋಗಿರಬೇಕು. ಕತ್ತಲಲ್ಲಿ ಚಪ್ಪಲಿ ಹುಡುಕುತ್ತಾ, "ಗೇಟ್ ಅದ ಏನ್ರೀ ಕಾಕಾ?" ಅಂದೆ.

"ಗೇಟಿಗೇನ್ ಆಗ್ಯಾದ? ಫೋನ್‌ದಾಗಿನ ಬೋರ್ಡ್!"

ಫೋನಿನ ಬೋರ್ಡ್ ಅಂದರೆ ನಮ್ಮ ಆನ್‌ಲೈನ್ ಜಾಹೀರಾತು, ಯಾರಾದರೂ ಬೇಳೆ ಅಂತ ಹುಡುಕಿದರೆ ಮೇಲೆ ಕಾಣುವಂಥದ್ದು. ಕಿತ್ತವನು ನಾನೇ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಕಾಕಾನದು ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ದಾಲ್ ಮಿಲ್. ಅಡತಿಯವರಿಗೆ ಚೀಲಗಟ್ಟಲೆ ಮಾರುವುದರ ಜೊತೆಗೆ ಒಂದು ಕಿಲೋ, ಐದು ಕಿಲೋ ಪ್ಯಾಕೆಟ್ ಮಾಡಿ ಸೀದಾ ಮನೆಗಳಿಗೇ ಕಳಿಸೋಣ ಅಂತ ಅವರಿಗೆ ಆಸೆ ಹುಟ್ಟಿತು. ಜಾಹೀರಾತಿನ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲಿ ಒಬ್ಬ ಕಂಪ್ಯೂಟರ್ ಕಲಿತರೆ ಆಧಾರ್ ತಿದ್ದುಪಡಿಯಿಂದ ಹಿಡಿದು ಮಿಕ್ಸರ್ ರಿಪೇರಿವರೆಗೆ ಎಲ್ಲ ಅವನದೇ ಅಲ್ವಾ.

ಈ ಜಾಹೀರಾತು ಅನ್ನೋದು ಹಾಕಿ ಬಿಡುವ ವಸ್ತುವಲ್ಲ. ದಿನಾ ನೋಡಬೇಕು. ಎಷ್ಟು ಜನರಿಗೆ ಕಂಡಿತು, ಎಷ್ಟು ಜನ ಒತ್ತಿದರು, ಏನಂತ ಟೈಪ್ ಮಾಡಿ ಬಂದರು, ಎಷ್ಟು ದುಡ್ಡು ಹೋಯಿತು. ಒಂದು ಕ್ಲಿಕ್‌ಗೆ ಸುಮಾರು 7 ರೂಪಾಯಿ, ದಿನಕ್ಕೆ 300ರ ಬಜೆಟ್. 300 ಅಂತ ಹಾಕಿದರೂ ಒಂದೊಂದು ದಿನ ಅದರ ಎರಡರಷ್ಟು ಹೋಗಬಹುದು, ನಿಯಮದಲ್ಲೇ ಹಾಗಿದೆ. ತಿಂಗಳ ಲೆಕ್ಕದಲ್ಲಿ 300ನ್ನು 30.4ರಿಂದ ಗುಣಿಸಿದ್ದಕ್ಕಿಂತ ಜಾಸ್ತಿ ಆಗಬಾರದು, ಅಷ್ಟೆ. ಆ ಪಾಯಿಂಟ್ ನಾಲ್ಕು ದಿನ ಯಾವುದು ಅಂತ ಕಾಕಾ ಕೇಳಿದರು. 365ನ್ನು 12ರಿಂದ ಭಾಗಿಸಿ ತೋರಿಸಿದೆ. "ಆ ಅರ್ಧಾ ದಿನ ಬಂದ್ ಇಡೂಣು ಬಿಡು" ಅಂದರು. ಮೇಲೆ 18% ಜಿಎಸ್‌ಟಿ ಬೇರೆ. ಅದನ್ನು ಹೇಳಿದ ದಿನ ಅವರು ಊಟ ಅರ್ಧಕ್ಕೇ ಬಿಟ್ಟರು.

ಹೀಗೆ ದಿನಾ ಚಹಾಕ್ಕಿಂತ ಮೊದಲು ಲೆಕ್ಕ ನೋಡಿ ನೋಡಿ ಬೇಸರ ಬಂದು ಒಂದು ಎಐ ಸಹಾಯಕನನ್ನು ಹಚ್ಚಿದೆ. ತಾಸಿಗೊಮ್ಮೆ ಅಂಕಿಗಳನ್ನು ಎಳೆದು ತಂದು ಅದರ ಮುಂದೆ ಇಡುವುದು, ಅದು ಓದಿ ಬೆಳಗಿನ 8 ಗಂಟೆಗೆ ಮನೆಯ ವಾಟ್ಸಾಪ್ ಗ್ರೂಪಿಗೆ ವರದಿ ಹಾಕುವುದು, ಏನಾದರೂ ಎಡವಟ್ಟು ಕಂಡರೆ ತಕ್ಷಣ ಹೇಳುವುದು. ಮೊದಲ ವಾರ ಚೆನ್ನಾಗಿ ನಡೆಯಿತು. ಖುಷಿಯಾಗಿ, ಬಿಡ್, ಅಂದರೆ ಒಂದು ಕ್ಲಿಕ್‌ಗೆ ನಾವು ಹರಾಜಿನಲ್ಲಿ ಕೂಗುವ ರೇಟನ್ನು, ನೂರಕ್ಕೆ ಇಪ್ಪತ್ತರ ಒಳಗೆ ಏರಿಸುವ, ಇಳಿಸುವ ಅಧಿಕಾರವನ್ನೂ ಅದಕ್ಕೇ ಕೊಟ್ಟುಬಿಟ್ಟೆ. ನಿನ್ನೆ ಬಂದ ಗುಮಾಸ್ತನ ಕೈಗೆ ತಿಜೋರಿ ಕೀಲಿ ಕೊಟ್ಟ ಹಾಗೆ.

ಅದರ ಕನ್ನಡ ಒಂದು ತಮಾಷೆ. "ಗೌರವಾನ್ವಿತ ಬಳಕೆದಾರರೇ, ನಿನ್ನೆಯ ಕಾರ್ಯಕ್ಷಮತೆಯು ಆಶಾದಾಯಕವಾಗಿದೆ" ಅಂತ ಶುರು. ಇಷ್ಟು ಶುದ್ಧ ಕನ್ನಡ ಬರೆಯುವವರು ಬೆಂಗಳೂರಿನ ಯಾರೋ ದೊಡ್ಡ ಸಾಹೇಬರೇ ಇರಬೇಕು ಅಂತ ಕಾಕಾ ತೀರ್ಮಾನಿಸಿದರು. ಮಷೀನ್ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ದಿನಾ ವರದಿಯ ಕೆಳಗೆ ಗುಲಾಬಿ ಹೂವಿನ ಫೋಟೋ, "ಶುಭೋದಯ ಸರ್".

ಸರ್ ಮೊದಲು ಮಾಡಿದ ಘನಕಾರ್ಯ ಅಂದರೆ ಯಾವ ಪದ ಹುಡುಕಿದರೆ ನಮ್ಮ ಜಾಹೀರಾತು ಕಾಣಬೇಕು ಅನ್ನುವ ಪಟ್ಟಿಯಿಂದ "ಗುಲಬರ್ಗಾ" ಅನ್ನುವ ಪದವನ್ನೇ ತೆಗೆದುಹಾಕಲು ಹೇಳಿದ್ದು. ಕಾರಣ, "ಇದು ಹಳೆಯ ಹೆಸರು, ಈಗ ಬಳಕೆಯಲ್ಲಿಲ್ಲ." ಹೆಸರು 2014ರ ನವೆಂಬರ್ 1ರಂದು ಬದಲಾದದ್ದು ಖರೆ. ಆದರೆ 2019ರಲ್ಲಿ ನಮ್ಮ ಬೇಳೆಗೆ ಜಿಐ, ಅಂದರೆ ಈ ಊರಿನದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಾಗಲೂ ಅದು ಸಿಕ್ಕಿದ್ದು "ಗುಲಬರ್ಗಾ ತೂರ್ ದಾಲ್" ಅಂತಲೇ. ನಾನು ಯೋಚನೆ ಮಾಡದೆ ಹೂಂ ಅಂದೆ. ಎರಡು ದಿನ ಜಾಹೀರಾತಿನ ಕಡೆ ನಾಯಿ ಕೂಡ ಮೂಸಲಿಲ್ಲ. ವಾಪಸ್ ಹಾಕಿದೆ.

ಆಮೇಲೆ ಶುರುವಾಯಿತು ರೈತರ ಕರೆ. ನಾವು ಬೇಳೆ ಮಾರುವವರು, ಕರೆ ಮಾಡುವವರೂ ಮಾರುವವರೇ! ಸುಗ್ಗಿ ಸಮಯ, ನೆಹರು ಗಂಜ್ ಮಾರುಕಟ್ಟೆಯಲ್ಲಿ ಇವತ್ತು ತೊಗರಿ ಹ್ಯಾಂಗ ನಡೆದದ ಅಂತ ಫೋನಿನಲ್ಲಿ ಹುಡುಕುತ್ತಾರೆ, ಮೇಲೆ ನಮ್ಮ ಜಾಹೀರಾತು ಕಾಣುತ್ತದೆ, ಒತ್ತುತ್ತಾರೆ. "ಕ್ವಿಂಟಲಿಗೆ ಎಷ್ಟು ಹಿಡೀತೀರಿ?" ದರ ಅನ್ನುವ ಪದ ಹಾಕಿದವರಿಗೆ ತೋರಿಸಬೇಡ ಅಂತ ಸರ್‌ಗೆ ಹೇಳಿದೆ. ಅದು "ದರ" ಒಂದನ್ನೇ ತಡೆಯಿತು. ಜನ "ರೇಟ್" ಅಂತ ಬಂದರು. ಅದನ್ನೂ ತಡೆದೆ, "ಭಾವ್" ಅಂತ ಬಂದರು. ತೊಗರಿ, ತೂರ್, ತುವರ್, ಅರಹರ್, ಆ ಕಡೆ ಸೇಡಂ ಗಡಿಯಿಂದ ಕಂದಿ. ನಮ್ಮ ಜಿಲ್ಲೆಯಲ್ಲಿ ಒಂದು ಕಾಳಿಗೆ ಇಷ್ಟು ಹೆಸರಿದೆ ಅಂತ ನನಗೇ ಗೊತ್ತಿರಲಿಲ್ಲ.

ಕಾಕಾನಾದರೂ ರಾಂಗ್ ನಂಬರ್ ಅಂತ ಇಡುತ್ತಾರಾ? ಇಲ್ಲ. ಯಾವ ಊರು, ಎಷ್ಟು ಎಕರೆ, ನೆಟೆ ರೋಗ ಬಂದಿತ್ತಾ, ಮಳೆ ಹ್ಯಾಂಗಿತ್ತು, ನಿಮ್ಮ ಊರಾಗ ನಮ್ಮ ಬೀಗರು ಇದ್ದಾರಲ್ಲ... ಹನ್ನೊಂದು ನಿಮಿಷ. ಮರುದಿನ ಸರ್ ವರದಿ: "ಸರಾಸರಿ ಕರೆಯ ಅವಧಿ 11 ನಿಮಿಷ. ಗ್ರಾಹಕರ ಆಸಕ್ತಿಯು ಅತ್ಯುತ್ತಮವಾಗಿದೆ." ಕಾಕಾನಿಂದ ಗುಲಾಬಿ ಹೂವು.

ಇದೆಲ್ಲ ತಡೆದುಕೊಳ್ಳಬಹುದಿತ್ತು. ಒಂದು ದಿನ ಸರ್ ಭಾರೀ ಉತ್ಸಾಹದಲ್ಲಿ ಬರೆದರು: "ಬೆಳಗಿನ 5:30ರಿಂದ 6ರ ನಡುವೆ ಅತ್ಯಂತ ಮೌಲ್ಯಯುತ ಗ್ರಾಹಕವರ್ಗವೊಂದು ಪತ್ತೆಯಾಗಿದೆ. ಜಾಹೀರಾತು ಕಂಡವರೆಲ್ಲರೂ ತಪ್ಪದೆ ಕ್ಲಿಕ್ ಮಾಡುತ್ತಿದ್ದಾರೆ. ಪುಟದಲ್ಲಿ ಸರಾಸರಿ 4 ನಿಮಿಷ ಕಳೆಯುತ್ತಿದ್ದಾರೆ. ಈ ವೇಳೆಯ ಬಿಡ್ ಹೆಚ್ಚಿಸಲಾಗಿದೆ."

ಕಲಬುರಗಿಯಲ್ಲಿ ಮುಂಜಾನೆ ಐದೂವರೆಗೆ ಎದ್ದು ತೊಗರಿ ಬೇಳೆ ಹುಡುಕುವವರು ಯಾರಪ್ಪ? ಮನೆಯಲ್ಲಿ ಚರ್ಚೆ ನಡೆಯಿತು. ಅಪ್ಪನ ಕೆರೆಯ ಸುತ್ತ ವಾಕಿಂಗ್ ಮಾಡುವವರು ಅಂತ ನಾನು. ಜಿಮ್ಮಿಗೆ ಹೋಗುವ ಹುಡುಗರು, ಪ್ರೋಟೀನ್ ಹುಚ್ಚು ಅಂತ ತಂಗಿ. ಕಾಕಾ ಗಡ್ಡ ಕೆರೆದುಕೊಂಡು ಗಂಭೀರವಾಗಿ ಯೋಚಿಸಿ, "ಖಾನಾವಳಿಯವ್ರು ಇರಬೇಕು ತಮ್ಮಾ, ಮುಂಜಾನೆದ್ದು ಬ್ಯಾಳಿ ಕುದಿಸಲಿಕ್ಕ ಇಡ್ತಾರಲ್ಲ" ಅಂದರು. ನಮಗೆಲ್ಲ ಅದೇ ಸರಿ ಅನಿಸಿತು. ಗ್ರೂಪಿನಲ್ಲಿ ಕಾಕಾ ಬರೆದರು, "ಏರಿಸ್ರಿ ಸರ್, ಹಿಂದ ಸರೀಬ್ಯಾಡ್ರಿ."

ಸರ್ ಹಿಂದೆ ಸರಿಯಲಿಲ್ಲ. ವಾರಕ್ಕೊಮ್ಮೆ ನೂರಕ್ಕೆ ಇಪ್ಪತ್ತರಂತೆ ಏರಿಸಿ, ಮೂರು ವಾರದಲ್ಲಿ 7 ರೂಪಾಯಿಯ ಬಿಡ್ 12ಕ್ಕೆ ಹೋಯಿತು. ಆ ಖಾನಾವಳಿಯವರು ದಿನಾ ಬರುತ್ತಾರೆ, ನಾಲ್ಕು ನಿಮಿಷ ಕೂರುತ್ತಾರೆ, ಹೋಗುತ್ತಾರೆ. ಪಾವ ಕಿಲೋ ಬೇಳೆಯ ಆರ್ಡರ್ ಇಲ್ಲ. ಹತ್ತಿರ ಬಂದಿದ್ದಾರೆ, ಇವತ್ತೋ ನಾಳೆಯೋ ಕೊಳ್ಳುತ್ತಾರೆ ಅಂತ ಸರ್‌ಗೂ ನಂಬಿಕೆ, ಕಾಕಾಗೂ ನಂಬಿಕೆ.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಕಾಕಾ, ಕಾಕು ಹಿಂದಿನ ದಿನವೇ ಜೇವರ್ಗಿ ಕಡೆಯ ನಮ್ಮ ಊರಿಗೆ ಹೋದರು. ಮರುದಿನ ನಾವೆಲ್ಲ ಹೋಗಿ ಹೊಲದಲ್ಲಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಉಣ್ಣಲು ಕೂತೆವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಮೊದಲ ತುತ್ತು ಮುರಿಯುವಾಗ ನನ್ನ ಫೋನ್ ಟಿಂಗ್ ಅಂದಿತು.

"ತುರ್ತು ಎಚ್ಚರಿಕೆ. ನಮ್ಮ ಅತ್ಯಂತ ಮೌಲ್ಯಯುತ ಗ್ರಾಹಕವರ್ಗ ಇಂದು ಸಂಪೂರ್ಣವಾಗಿ ಕಣ್ಮರೆಯಾಗಿದೆ. ಕ್ಲಿಕ್‌ಗಳು: 0. ಪ್ರತಿಸ್ಪರ್ಧಿಗಳು ಸೆಳೆದಿರಬಹುದು."

ಖಾನಾವಳಿಯವರೂ ಹೊಲಕ್ಕೆ ಹೋಗಿರಬೇಕು ಅಂತ ನಾನು ಅಂದುಕೊಳ್ಳುತ್ತಿದ್ದೆ. ಎದುರಿಗೆ ಕಾಕಾ ಬೆರಳಿಗೆ ಹತ್ತಿದ ಭಜ್ಜಿ ನೆಕ್ಕುತ್ತಾ, "ತಮ್ಮಾ, ನನ್ನ ಸಿಮ್ಮಿಗೆ ಇಲ್ಲಿ ರೇಂಜೇ ಇಲ್ಲ ನೋಡು. ಇವತ್ತ ಮುಂಜಾನಿ ನಮ್ಮ ಬೋರ್ಡ್ ನೋಡಲಿಕ್ಕೇ ಆಗಿಲ್ಲ. ಏನೋ ಕಳಕೊಂಡಂಗ ಆಗ್ಯಾದ" ಅಂದರು.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ನಿಂತಿತು.

"ಕಾಕಾ, ದಿನಾ ಮುಂಜಾನೆ ಅದನ್ನ ಒತ್ತೋರು ನೀವೇ ಏನ್ರೀ?"

"ನಾನs ಮತ್ತ. ಅಂಗಡಿ ಬಾಗಲಾ ತೆಗದದೋ ಇಲ್ಲೋ ಯಜಮಾನ ನೋಡಬೇಕಲ್ಲ?"

"ನೋಡ್ರಿ, ಒತ್ತಬ್ಯಾಡ್ರಿ!"

"ಒತ್ತಲಾರದ ಒಳಗೇನದ ಹ್ಯಾಂಗ ಗೊತ್ತಾಗ್ತದ?"

ವಿಚಾರಣೆ ಮುಂದುವರಿಸಿದಾಗ ಪೂರ್ತಿ ಹೊರಬಂತು. ಒಂದೇ ಫೋನಿನಿಂದ ಪಟಪಟ ಒತ್ತಿದ್ದರೆ ಜಾಹೀರಾತಿನ ವ್ಯವಸ್ಥೆಯೇ ಅನುಮಾನ ಪಟ್ಟು ಆ ದುಡ್ಡು ಬಿಟ್ಟುಬಿಡುತ್ತಿತ್ತೇನೋ. ಕಾಕಾ ಪಟಪಟ ಒತ್ತುವವರಲ್ಲ. ಸ್ನಾನಕ್ಕಿಂತ ಮೊದಲು ತಮ್ಮ ಫೋನಿನಲ್ಲಿ ಒಂದು ಸಲ. ಆಮೇಲೆ ಎಲ್ಲರಿಗೂ ಕಾಣುತ್ತದೋ ಇಲ್ಲವೋ ಅಂತ ಕಾಕುನ ಫೋನಿನಲ್ಲಿ ಒಂದು ಸಲ. ಕೊನೆಗೆ ಮಿಲ್ಲಿನ ಫೋನಿನಲ್ಲಿ. ಒತ್ತಿ, ಪುಟ ತೆರೆದು, ತಮ್ಮ ಫೋಟೋ ನೋಡಿ, ಕೆಳಗಿರುವ ವಿಳಾಸದವರೆಗೆ ಒಂದೊಂದೇ ಅಕ್ಷರ ಓದುತ್ತಾರೆ. ಅದೇ ಆ ನಾಲ್ಕು ನಿಮಿಷ. ಅಂದರೆ ನಮ್ಮ ಕಾಕಾನಿಗೆ ನಮ್ಮ ಬೇಳೆ ತೋರಿಸುವುದಕ್ಕೆ, ಅವರದೇ ದುಡ್ಡಿನಲ್ಲಿ, ಮುಂಜಾನೆ ಎದ್ದು ನಾವು ಹರಾಜು ಕೂಗುತ್ತಿದ್ದೆವು. ಬೇಲಿ ಎದ್ದು ಹೊಲ ಮೇಯ್ದಿತು ಅನ್ನೋಣವೆಂದರೆ ಮೇಯ್ದದ್ದು ಬೇಲಿಯೂ ಅಲ್ಲ, ಹೊಲದ ಯಜಮಾನರೇ. ಅದೂ "ಏರಿಸ್ರಿ ಸರ್" ಅಂತ ಕೂಗಿಕೊಂಡು.

"ಮತ್ತ ಖಾನಾವಳಿಯವ್ರು ಅಂದ್ರಲ್ಲ ನೀವು?" ಅಂದೆ. "ನಾ ಒಬ್ಬನ್ದು ಅಷ್ಟು ದೊಡ್ಡ ಸುದ್ದಿ ಆಗ್ತದಂತ ಯಾರಿಗೆ ಗೊತ್ತು" ಅಂದರು.

ಸಿಟ್ಟಿನಲ್ಲಿ ಅಲ್ಲೇ ಬದುವಿನ ಮೇಲೆ ಕೂತು ಎಐಗೆ ಬರೆದೆ: ಆ ಗ್ರಾಹಕವರ್ಗ ನನ್ನ ಕಾಕಾ. ತಕ್ಷಣ ಉತ್ತರ: "ಅತ್ಯುತ್ತಮ ಗಮನಿಕೆ! ನಿಮ್ಮ ಕಾಕಾ ಅವರು ಬ್ರ್ಯಾಂಡಿನ ನಿಷ್ಠಾವಂತ ಗ್ರಾಹಕರೆಂದು ತೋರುತ್ತದೆ. ಅವರಿಗಾಗಿ ಪ್ರತ್ಯೇಕ ರಿಯಾಯಿತಿ ಜಾಹೀರಾತು ಸಿದ್ಧಪಡಿಸಲೇ?" ಫೋನನ್ನು ಬಾವಿಗೆ ಎಸೆಯಬೇಕು ಅನಿಸಿತು. ಕಂತು ಇನ್ನೂ ನಾಲ್ಕು ಬಾಕಿ ಇದೆ ಅಂತ ಸುಮ್ನಾದೆ.

ಊರಿಂದ ಬಂದ ಮೇಲೆ ಕಾಕಾನನ್ನು ತಡೆಯುವ ಕೆಲಸ. ಇಂಟರ್ನೆಟ್ಟಿನಲ್ಲಿ ಫೋನಿಗೆ ಸಿಗುವ ನಂಬರ್, ಅಂದರೆ ಐಪಿ ವಿಳಾಸ, ತಡೆಯೋಣ ಅಂದರೆ ಮೊಬೈಲ್ ಡೇಟಾದಲ್ಲಿ ಅದು ಬದಲಾಗುತ್ತಲೇ ಇರುತ್ತದೆ. ದುಡ್ಡು ಹೋಗದ ಹಾಗೆ ಜಾಹೀರಾತು ನೋಡಲು ಮುನ್ನೋಟ ಅಂತ ಬೇರೆ ಜಾಗವೇ ಇದೆ. ಅದನ್ನು ತೆರೆದು ತೋರಿಸಿದೆ. ಒಂದು ನಿಮಿಷ ನೋಡಿ, "ಇದು ಖರೇ ಬೋರ್ಡ್ ಅಲ್ಲ, ಬೋರ್ಡಿನ ಫೋಟೋ" ಅಂತ ವಾಪಸ್ ಕೊಟ್ಟರು. ಕೊನೆಗೆ ಆರು ಗಂಟೆಯ ಮೊದಲು ಜಾಹೀರಾತೇ ಬರದ ಹಾಗೆ ವೇಳಾಪಟ್ಟಿ ಬದಲಿಸಿದೆ. ಮರುದಿನ 5:35ಕ್ಕೆ ಬಂದದ್ದೇ ಆ ಫೋನು.

ಅವತ್ತು ಸಂಜೆ ಮಿಲ್ಲಿಗೆ ಹೋದೆ, ಜಗಳ ಮಾಡಿಯೇ ಬಿಡೋಣ ಅಂತ. ಕಾಕಾ ಚಹಾ ತರಿಸಿದರು. ಬಸಿಗೆ ಸುರಿದುಕೊಂಡು ಗಂಜಿನ ಮೂಲೆಯಲ್ಲಿದ್ದ ಒಂದು ಗೋಡೆಯ ಸುದ್ದಿ ತೆಗೆದರು. ಅಜ್ಜನ ಕಾಲದಲ್ಲಿ ಪೇಂಟರ್ ಒಬ್ಬರು ಆ ಗೋಡೆಯ ಮೇಲೆ ಸುಣ್ಣ ಬಳಿದು, ನೀಲಿ ಬಣ್ಣದಲ್ಲಿ ಅಜ್ಜನ ಹೆಸರು, ಕೆಳಗೆ "ಶುದ್ಧ ತೊಗರಿ ಬ್ಯಾಳಿ" ಅಂತ ಬರೆದಿದ್ದರಂತೆ. ಬಣ್ಣದ ಡಬ್ಬಿ ಹಿಡಿದು ಬಿಸಿಲಲ್ಲಿ ನಿಂತವರು ಕಾಕಾ, ಆಗ ಎಂಟೋ ಒಂಬತ್ತೋ ವರ್ಷ. "ಬ್ಯಾಳಿ"ಯ ದೀರ್ಘ ಬಿಟ್ಟುಹೋಗಿದ್ದನ್ನು ಹಿಡಿದವರೂ ಅವರೇ, ಅದಕ್ಕೆ ಪೇಂಟರ್ ಒಂದು ಪೆಪ್ಪರ್‌ಮೆಂಟ್ ಕೊಟ್ಟಿದ್ದರು. ಅಜ್ಜ ದಿನಾ ಅಂಗಡಿ ತೆಗೆಯುವ ಮೊದಲು ಆ ಗೋಡೆಯ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದರಂತೆ. ಅಜ್ಜ ಹೋದ ಮೇಲೆ ಕಾಕಾ ನಿಂತರು. ರಸ್ತೆ ಅಗಲ ಮಾಡುವಾಗ ಗೋಡೆ ಹೋಯಿತು.

ಜಾಹೀರಾತಿನ ತಲೆಬರಹಕ್ಕೆ 30 ಅಕ್ಷರದ ಮಿತಿ, ಅದರಲ್ಲಿ ಅರ್ಧ ಜಾಗ ಅಜ್ಜನ ಹೆಸರಿಗೇ ಬೇಕು ಅಂತ ಕಾಕಾ ಯಾಕೆ ಹಟ ಹಿಡಿದಿದ್ದರು ಅಂತ ನನಗೆ ಆಗ ಹೊಳೆದಿರಲಿಲ್ಲ. ಜಗಳ ಮಾಡಲಿಲ್ಲ. ಚಹಾ ಆರಿತ್ತು, ಕುಡಿದು ಬಂದೆ.

ಅವತ್ತು ರಾತ್ರಿ ಕೂತು, ಮುಂಜಾನೆ ಐದೂವರೆಯಿಂದ ಆರರವರೆಗಿನ ಅರ್ಧ ತಾಸು ಮತ್ತೆ ತೆರೆದಿಟ್ಟೆ, ಬಿಡ್ ಪೂರ್ತಿ ಕೆಳಕ್ಕೆ ಇಳಿಸಿ. ಫೋನ್ ಮೂರು ಬೇಡ, ಒಂದೇ ಅಂತ ಕಾಕಾನ ಜೊತೆ ಒಪ್ಪಂದವಾಯಿತು. ತಿಂಗಳ ಲೆಕ್ಕದಲ್ಲಿ ಅದನ್ನು ಚಹಾ-ಪಾನಿ ಖರ್ಚಿಗೆ ಸೇರಿಸಿದ್ದೇನೆ. ಆ ವೇಳೆಯ ಕ್ಲಿಕ್‌ಗಳನ್ನು ಗ್ರಾಹಕರು ಅಂತ ಎಣಿಸಬೇಡ, ಕಾಕಾ ಅಂತ ಬೇರೆ ಬರೆ ಅಂತ ಎಐಗೂ ತಾಕೀತು ಮಾಡಿದೆ.

ಇವತ್ತು 8 ಗಂಟೆಗೆ ವರದಿ ಬಂತು. "ಗೌರವಾನ್ವಿತ ಬಳಕೆದಾರರೇ, ಕಾಕಾ: 3. ಇತರರು: 11. ಇವರಲ್ಲಿ 9 ಮಂದಿ ತೊಗರಿ ದರ ವಿಚಾರಿಸಿದವರು."

ಮೂರು ಅಂತೆ. ಒಂದೇ ಅಂತ ಮಾತಾಗಿತ್ತು. ಕೇಳೋಣ ಅಂತ ಫೋನ್ ಮಾಡಿದೆ, ಬಿಜಿ ಬಂತು. ಯಾರದೋ ನೆಟೆ ರೋಗ ನಡೆದಿರಬೇಕು.