ಎಣ್ಣೆ ಹಚ್ಚಿದ ಹಲಗೆ

ಬೌಲಿಂಗ್ ಅಂದರೆ ನಮ್ಮ ಕಡೆ ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ. ಹಾಗಾಗಿ ಅಮೆರಿಕದಲ್ಲಿರುವ ಅಕ್ಕ ಫೋನಿನಲ್ಲಿ, "ನೀನು ಬಂದಾಗ ನಿಮ್ಮ ಭಾವ ಬೌಲಿಂಗಿಗೆ ಕರ್ಕೊಂಡು ಹೋಗ್ತಾರಂತೆ ಕಣೋ" ಎಂದಾಗ, "ನನಗೆ ಭುಜ ನೋವು, ಓಡಿ ಬಂದು ಹಾಕೋಕೆ ಆಗಲ್ಲ" ಎಂದುಬಿಟ್ಟೆ. ಅಕ್ಕ ಒಂದು ಗಳಿಗೆ ಸುಮ್ಮನಿದ್ದು, "ಉರುಳಿಸೋದು ಕಣೋ, ಎಸೆಯೋದಲ್ಲ" ಎಂದಳು.

ಅಕ್ಕನ ಮನೆ ಇರುವುದು ಒಹಾಯೊ ರಾಜ್ಯದ ಆಕ್ರನ್ ಹತ್ತಿರ. ಒಂದು ಕಾಲಕ್ಕೆ ಅದು ಟೈರಿನ ಊರು. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಎಲ್ಲ ಬೆಳೆದದ್ದು ಅಲ್ಲೇ. ಭಾವ ಕರೆದುಕೊಂಡು ಹೋದ ಬೌಲಿಂಗ್ ಸೆಂಟರಿನಲ್ಲಿ ಮೊದಲು ನಮ್ಮ ಶೂ ಬಿಚ್ಚಿಟ್ಟು ಅವರ ಶೂ ಹಾಕಿಕೊಳ್ಳಬೇಕಿತ್ತು. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಅಭ್ಯಾಸವಿರುವ ನನಗೆ ಅರ್ಧ ಶಾಸ್ತ್ರ ಅರ್ಥವಾಯಿತು. ಊರವರೆಲ್ಲ ಹಾಕಿ ಬಿಟ್ಟ ಶೂ ನಾವು ಹಾಕಿಕೊಳ್ಳುವ ಇನ್ನರ್ಧ ಮಾತ್ರ ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡವರಿಗಷ್ಟೇ ಗೊತ್ತು.

ಮೂರು ತೂತಿನ ಚೆಂಡು ಹಿಡಿದು, ಕಣ್ಣು ಮುಚ್ಚದೇ ಹೋದರೂ ಮುಚ್ಚಿದ ಹಾಗೇ ಒಂದು ಸಲ ಉರುಳಿಸಿದೆ. ಲೇನ್ ಎನ್ನುವ ಉದ್ದ ಹಲಗೆಯ ಕೊನೆಯಲ್ಲಿ ನಿಲ್ಲಿಸಿದ್ದ ಬಾಟಲಿಯಂಥ ಪಿನ್ನುಗಳು ಹತ್ತಕ್ಕೆ ಹತ್ತೂ ಬಿದ್ದವು. ಇದೇನು ಮಹಾ ಎಂದುಕೊಂಡೆ. ಮುಂದಿನ ನಾಲ್ಕು ಚೆಂಡು ಒಂದರ ಹಿಂದೆ ಒಂದು ಪಕ್ಕದ ಗಟರಿಗೆ ಹೋದವು. ಹೆಸರೇ ಹಾಗೆ, ಮೋರಿ ಅಂತ. ಆದರೂ ಆ ಮೊದಲ ಚೆಂಡು ತಲೆಯಿಂದ ಹೋಗಲಿಲ್ಲ. ಬುಮ್ರಾ ಹಾಕಿದ ಒಂದು ಬಾಲನ್ನು ಆಡಿ ಬಂದು "ಇದೇನು ಮಹಾ" ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಇಲ್ಲಿ ಮಾತ್ರ ಜೀವನದಲ್ಲಿ ಮೊದಲ ಸಲ ಚೆಂಡು ಮುಟ್ಟಿದವನಿಗೂ ಒಂದು ಸ್ಟ್ರೈಕ್, ಅಂದರೆ ಒಂದೇ ಚೆಂಡಿಗೆ ಹತ್ತೂ ಬೀಳುವುದು, ಪುಕ್ಕಟೆ ಸಿಗುತ್ತದೆ. ಒಂದು ಕಾಲಕ್ಕೆ ದೇಶವೇ ಕೂತು ನೋಡುತ್ತಿದ್ದ ಆಟ ಯಾಕೆ ಮಂಕಾಯಿತು ಎನ್ನುವುದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ ಅಂತ ನನ್ನ ಗುಮಾನಿ.

ಇನ್ನರ್ಧ ಉತ್ತರ ಸಿಕ್ಕಿದ್ದು ಪಕ್ಕದ ಲೇನಿನಲ್ಲಿ. ಅಲ್ಲಿ ಲೀಗ್ ನಡೆಯುತ್ತಿತ್ತು. ಎಲ್ಲರೂ ಎಪ್ಪತ್ತರ ಆಚೀಚಿನವರು. ಒಬ್ಬರು ಚಕ್ರದ ಚೀಲದಲ್ಲಿ ಎರಡು ಸ್ವಂತ ಚೆಂಡು ತಂದಿದ್ದರು, ಒಂದು ಹಳೇ ಟವೆಲ್ ಕೂಡ. ಟೈರ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರಂತೆ. ಪ್ರತಿ ಸಲ ಚೆಂಡು ವಾಪಸ್ ಬಂದಾಗಲೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನ ತಲೆ ಒರೆಸಿದ ಹಾಗೆ ಒರೆಸುತ್ತಿದ್ದರು. ಏನು ಒರೆಸ್ತೀರಿ ಎಂದು ಕೇಳಿದೆ. ಒರೆಸುವ ಮೊದಲು ಚೆಂಡನ್ನು ದೀಪದ ಕಡೆ ತಿರುಗಿಸಿ ತೋರಿಸಿದರು. ಕಡುನೀಲಿ ಚೆಂಡಿನ ಮೇಲೆ ತೆಳ್ಳಗೆ, ಒಂದರ ಪಕ್ಕ ಒಂದು, ಬಳೆಗಳ ಹಾಗೆ ಹೊಳೆಯುವ ಗೆರೆಗಳು. ಬೆರಳಿಟ್ಟು ನೋಡು ಎಂದರು. ಇಟ್ಟೆ. ಎಣ್ಣೆ!

ಲೇನಿಗೆ ಎಣ್ಣೆ ಹಚ್ಚಿರುತ್ತಾರೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಚೆಂಡು ಬಿಡುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಅದರಲ್ಲಿ ಹೆಚ್ಚು ಕಡಿಮೆ ಮೊದಲ 40 ಅಡಿಗೆ ಎಣ್ಣೆ, ಆಮೇಲೆ ಒಣ ಹಲಗೆ. ಮೊದಮೊದಲು ಮರ ಸವೆಯದಿರಲಿ ಎಂದು ಹಚ್ಚುತ್ತಿದ್ದರು. ಈಗ ಆಟವೇ ಅದರ ಮೇಲೆ ನಿಂತಿದೆ. ಬಲ್ಲವರು ಬಿಟ್ಟ ಚೆಂಡು ಎಣ್ಣೆಯ ಮೇಲೆ ಜಾರುತ್ತಾ, ಒಳಗೊಳಗೇ ತಿರುಗುತ್ತಾ ಹೋಗಿ, ಒಣ ಜಾಗ ಸಿಕ್ಕಿದ ಕೂಡಲೇ ಹಲಗೆ ಹಿಡಿದು ಪಕ್ಕಕ್ಕೆ ಹೊರಳುತ್ತದೆ. ಬಲಗೈಯವರಾದರೆ ಒಂದನೇ ಮತ್ತು ಮೂರನೇ ಪಿನ್ನಿನ ಸಂದಿಗೆ ನುಗ್ಗುತ್ತದೆ.

ನಮ್ಮಂಥವರು ಆಡುವ ಲೇನಿನಲ್ಲಿ ಎಣ್ಣೆಯನ್ನು ನಡುವೆ ಜಾಸ್ತಿ, ಅಂಚಿಗೆ ಕಡಿಮೆ ಹಚ್ಚಿರುತ್ತಾರೆ. ದೋಸೆ ಕಾವಲಿಗೆ ನಡುವೆ ಎಣ್ಣೆ ಬಿಟ್ಟ ಹಾಗೆ. ತಿರುಗಿಸಲು ಬಲ್ಲವನು ಸ್ವಲ್ಪ ತಪ್ಪಿ ಹೊರಗೆ ಬಿಟ್ಟರೆ ಒಣ ಅಂಚು ಚೆಂಡನ್ನು ಒಳಗೆ ತರುತ್ತದೆ, ಒಳಗೆ ಬಿಟ್ಟರೆ ಎಣ್ಣೆ ಅದನ್ನು ಅತಿಯಾಗಿ ಹೊರಳಲು ಬಿಡುವುದಿಲ್ಲ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ತಾಯಿ ಮನಸ್ಸಿನ ಲೇನ್. ವೃತ್ತಿಪರರಿಗೆ ಹಾಗಲ್ಲ. ಅವರಿಗೆ ಹಚ್ಚುವ ಎಣ್ಣೆಯ ವಿನ್ಯಾಸಗಳಿಗೆ ಚೀತಾ, ವೈಪರ್, ಸ್ಕಾರ್ಪಿಯನ್, ಶಾರ್ಕ್ ಎಂದೆಲ್ಲ ಹೆಸರು. ಹೆಸರಿನಲ್ಲೇ ಹಲ್ಲಿದೆ, ಕೊಂಡಿಯಿದೆ. ಮೇಲಾಗಿ ಆಡುತ್ತಾ ಆಡುತ್ತಾ ಚೆಂಡುಗಳು ಎಣ್ಣೆಯನ್ನು ಹೊತ್ತುಕೊಂಡು ಹೋಗಿ, ಬೆಳಗ್ಗೆ ಇದ್ದ ಲೇನ್ ಮಧ್ಯಾಹ್ನಕ್ಕೆ ಇರುವುದಿಲ್ಲ. ಇದೆಲ್ಲ ಕಣ್ಣಿಗೆ ಕಾಣಿಸುತ್ತದಾ? ಇಲ್ಲ. ನೋಡುವವರಿಗೆ ಅದೇ ಹೊಳೆಯುವ ಹಲಗೆ, ಅದೇ ಹತ್ತು ಪಿನ್ನು, ಅದೇ ಸದ್ದು.

ಜೆಟ್ ಲ್ಯಾಗಿನಿಂದ ನಿದ್ದೆ ಬಾರದ ಮುಂದಿನ ರಾತ್ರಿಗಳಲ್ಲಿ ಈ ಆಟದ ಕಥೆ ಹುಡುಕಿ ಓದಿದೆ. ಓದುತ್ತಾ ನೆನಪಾಗಿದ್ದು ನಮ್ಮ ಲಗೋರಿ. ಲಗೋರಿಯಲ್ಲಿ ಬೀಳಿಸುವುದು ಒಂದು ಕ್ಷಣದ ಕೆಲಸ, ಮತ್ತೆ ಪೇರಿಸುವುದರಲ್ಲೇ ಆಟ. ಬೌಲಿಂಗಿನಲ್ಲೂ ಪೇರಿಸುವುದೇ ತಲೆನೋವಾಗಿತ್ತು. ಹಿಂದೆ ಪಿನ್ ಬಾಯ್ ಎಂಬ ಹುಡುಗರಿದ್ದರು. ಲೇನಿನ ಕೊನೆಯ ಕಟ್ಟೆಯ ಮೇಲೆ ಕಾಲು ಎತ್ತಿಕೊಂಡು ಕೂತಿರುವುದು, ಪಿನ್ನು ಬಿದ್ದ ಕೂಡಲೇ ಗುಂಡಿಗೆ ಹಾರಿ ಒಂದೊಂದಾಗಿ ನಿಲ್ಲಿಸುವುದು, ಚೆಂಡು ವಾಪಸ್ ಕಳಿಸುವುದು. ಏಳು ಕಿಲೋ ಚೆಂಡು ಉರುಳಿ ಬರುವ ಜಾಗದಲ್ಲಿ ಪುಡಿಗಾಸಿನ ಕೆಲಸ. ಏಟು ತಿನ್ನದವರೇ ಕಡಿಮೆ ಇದ್ದಿರಬೇಕು. 1946ರಲ್ಲಿ ಎಎಂಎಫ್ ಎಂಬ ಕಂಪನಿ ಪಿನ್ನು ತಾನೇ ನಿಲ್ಲಿಸುವ ಯಂತ್ರವನ್ನು ತೋರಿಸಿತು. (ಇದೇ ಕಂಪನಿ ಆಮೇಲೆ ಕೆಲವು ವರ್ಷ ಹಾರ್ಲೆ ಡೇವಿಡ್‌ಸನ್ ಬೈಕುಗಳನ್ನೂ ಸಾಕಿತು. ಬೀಳಿಸುವುದು, ನಿಲ್ಲಿಸುವುದು ಎರಡರಲ್ಲೂ ಆಸಕ್ತಿ.) 50ರ ದಶಕದಲ್ಲಿ ಯಂತ್ರ ಎಲ್ಲ ಕಡೆ ಬಂತು. ಹುಡುಗರ ದಾರಿ ಕಾಯುವುದು ತಪ್ಪಿತು, ರಾತ್ರಿ ಪಾಳಿ ಮುಗಿಸಿ ಬಂದವರೂ ಆಡಬಹುದಾಯಿತು.

ಅದೇ ಹೊತ್ತಿಗೆ ಟಿವಿ ಬಂತು. ಆಗಿನ ಪುಟ್ಟ ಪರದೆಗೆ ಹೇಳಿ ಮಾಡಿಸಿದ ಆಟ ಇದು. ಮಳೆ ಇಲ್ಲ, ದೊಡ್ಡ ಮೈದಾನ ಇಲ್ಲ, ಒಂದೆರಡು ಕ್ಯಾಮೆರಾ ಸಾಕು. 1958ರಲ್ಲಿ ಇದೇ ಆಕ್ರನ್ ಊರಿನ ವಕೀಲ ಎಡ್ಡಿ ಎಲಿಯಾಸ್ 33 ಜನ ಆಟಗಾರರಿಂದ ತಲಾ 50 ಡಾಲರ್ ಎತ್ತಿ ವೃತ್ತಿಪರ ಬೌಲರ್‌ಗಳ ಸಂಘ ಕಟ್ಟಿದರು. ಅದೇ ಪಿಬಿಎ. 1962ರಿಂದ ಎಬಿಸಿ ಚಾನೆಲ್ಲಿನಲ್ಲಿ ಶನಿವಾರ ಮಧ್ಯಾಹ್ನದ ಪ್ರಸಾರ ಶುರುವಾಯಿತು. 1964ರಲ್ಲಿ ಡಾನ್ ಕಾರ್ಟರ್ ಎಂಬ ಆಟಗಾರನಿಗೆ ಚೆಂಡು ಮಾಡುವ ಎಬೊನೈಟ್ ಕಂಪನಿ 10 ಲಕ್ಷ ಡಾಲರಿನ ಜಾಹೀರಾತು ಒಪ್ಪಂದ ಕೊಟ್ಟಿತು. ಅಷ್ಟು ದೊಡ್ಡ ಒಪ್ಪಂದ ಪಡೆದ ಮೊದಲ ಕ್ರೀಡಾಪಟು ಅವನೇ ಎನ್ನುತ್ತಾರೆ. ಬಾಕ್ಸರ್ ಅಲ್ಲ, ಬೇಸ್‌ಬಾಲ್ ಆಟಗಾರ ಅಲ್ಲ, ಬೌಲರ್! 1965ರಲ್ಲಿ ಆಕ್ರನ್ನಿನ ಫೈರ್‌ಸ್ಟೋನ್ ಟೂರ್ನಿ ಗೆದ್ದ ಬಿಲ್ಲಿ ಹಾರ್ಡ್‌ವಿಕ್‌ಗೆ ಸಿಕ್ಕಿದ್ದು 25,000 ಡಾಲರ್. ಅದೇ ವರ್ಷ ಗಾಲ್ಫಿನ ಮಾಸ್ಟರ್ಸ್ ಗೆದ್ದ ಜ್ಯಾಕ್ ನಿಕ್ಲಾಸ್‌ಗೆ 20,000. ಗಾಲ್ಫಿನವರು ಬೌಲಿಂಗಿನವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುವ ಕಾಲವೊಂದಿತ್ತು ಅಂತಾಯಿತು.

ಬಿಯರ್ ಕಂಪನಿಗಳೂ ತಂಡ ಸಾಕುತ್ತಿದ್ದವು. ಸೇಂಟ್ ಲೂಯಿಸ್‌ನ ಬಡ್‌ವೈಸರ್ ತಂಡದಲ್ಲಿ ಡಾನ್ ಕಾರ್ಟರ್, ಡಿಕ್ ವೆಬರ್ ಇಬ್ಬರೂ ಇದ್ದರು. ಹೀಗೆ ಲೇನಿಗೂ ಎಣ್ಣೆ, ಆಡುವವರಿಗೂ ಎಣ್ಣೆ. ಎಲ್ಲರನ್ನೂ ಸೇರಿಸುವ ಆಟ ಎಂದು ಇದನ್ನು ಹೊಗಳುತ್ತಾರೆ. ಆದರೆ 1895ರಲ್ಲಿ ಹುಟ್ಟಿದ, ಆಟದ ನಿಯಮ ನೋಡಿಕೊಳ್ಳುವ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ 1950ರವರೆಗೂ ಬಿಳಿಯ ಗಂಡಸರಿಗೆ ಮಾತ್ರ ಸದಸ್ಯತ್ವ ಕೊಡುತ್ತಿತ್ತು ಎನ್ನುವುದನ್ನು ಹೊಗಳುವಾಗ ಮರೆಯುತ್ತಾರೆ.

ಅತಿಯಾಸೆಯೂ ಬೇಗ ಬಂತು. ಯಂತ್ರ ಮಾರುವ ಕಂಪನಿಗಳು ಕಂತಿನ ಮೇಲೆ, ಬಾಡಿಗೆ ಮೇಲೆ ಕೊಡುತ್ತಾ ಹೋದವು. 60ರ ದಶಕದ ನಡುವೆ ದೇಶದಲ್ಲಿ ಸೆಂಟರುಗಳು 12,000ದ ಹತ್ತಿರ ಮುಟ್ಟಿದ್ದವು. ಆಡುವ ಜನಕ್ಕಿಂತ ಲೇನ್ ಜಾಸ್ತಿ. ಈಗ ಅದರ ಅರ್ಧವೂ ಇಲ್ಲ. 1961ರಲ್ಲಿ ನಗರಕ್ಕೊಂದು ತಂಡ ಎಂದು ನ್ಯಾಷನಲ್ ಬೌಲಿಂಗ್ ಲೀಗ್ ಶುರು ಮಾಡಿ, ಅದಕ್ಕೆಂದೇ ಸಾವಿರಾರು ಕುರ್ಚಿಯ ಸಭಾಂಗಣ ಕಟ್ಟಿಸಿದ್ದರು. ಒಂದೇ ಸೀಸನ್ನಿಗೆ ಬಾಗಿಲು ಹಾಕಿತು. ಆ ಖಾಲಿ ಕುರ್ಚಿಗಳನ್ನು ನೆನೆದರೆ ಕಷ್ಟ ಅನ್ನಿಸುತ್ತದೆ.

ಆದರೂ ಟಿವಿಯಲ್ಲಿ ಆಟ ಬಹಳ ಕಾಲ ನಡೆಯಿತು. 70ರ ದಶಕದ ದೊಡ್ಡ ಹೆಸರು ಅರ್ಲ್ ಆಂಥನಿ. ಎಡಗೈ, ದಪ್ಪ ಕನ್ನಡಕ, ಗಿಡ್ಡ ಕ್ರಾಪು. ನೋಡಿದರೆ ಬ್ಯಾಂಕಿನಲ್ಲಿ ಡಿಡಿ ಬರೆದುಕೊಡುವವರ ಹಾಗೆ. 1975ರಲ್ಲಿ ಒಂದೇ ವರ್ಷ 1,00,000 ಡಾಲರ್ ಗಳಿಸಿದ ಮೊದಲ ಬೌಲರ್. ಅವನ ಕೈ ಎಷ್ಟು ಸಲೀಸಾಗಿ ಬೀಸುತ್ತಿತ್ತು ಅಂದರೆ, ನೋಡುವವರಿಗೆ ಕಷ್ಟವೇ ಕಾಣಿಸುತ್ತಿರಲಿಲ್ಲ. ಅದೇ ಎಡವಟ್ಟು. ಸಂಗೀತ ಕಛೇರಿಯಲ್ಲಿ ದೊಡ್ಡ ವಿದ್ವಾಂಸರು ಸುಮ್ನೆ ಹಾಡಿದ ಹಾಗೆ ಹಾಡಿದರೆ ಬಲ್ಲವರು ತಲೆದೂಗುತ್ತಾರೆ. ಉಳಿದವರು ಕ್ಯಾಂಟೀನಿಗೆ ಹೋಗುತ್ತಾರೆ, ಅಲ್ವಾ?

ಪರದೆಯ ಮೇಲೆ ಕಾಣದ ಜಗಳಗಳೆಲ್ಲ ಎಣ್ಣೆಯ ಮೇಲೇ ನಡೆಯುತ್ತಿದ್ದವು. 1973ರಲ್ಲಿ ಡಾನ್ ಮೆಕ್ಯೂನ್ ಎಂಬಾತ ಇಡ್ಲಿಗೆ ಬೇಳೆ ನೆನೆಸಿದ ಹಾಗೆ ತನ್ನ ಪ್ಲಾಸ್ಟಿಕ್ ಚೆಂಡನ್ನು ಒಂದು ರಾಸಾಯನಿಕದಲ್ಲಿ ನೆನೆಸಿಟ್ಟ. ಮೇಲ್ಮೈ ಮೆತ್ತಗಾಗಿ ಚೆಂಡು ಹಲಗೆಯನ್ನು ಕಚ್ಚತೊಡಗಿತು. ಆ ವರ್ಷ ಆರು ಟೂರ್ನಿ ಗೆದ್ದ. ಆಮೇಲೆ ಚೆಂಡು ಎಷ್ಟು ಗಟ್ಟಿ ಇರಬೇಕೆಂದು ನಿಯಮ ಬಂತು. 90ರ ದಶಕದಲ್ಲಿ ಎಣ್ಣೆ ಹೀರುವ ಹೊಸ ಬಗೆಯ ಚೆಂಡು ಅಂಗಡಿಯಲ್ಲೇ ಸಿಗತೊಡಗಿತು. ನೆನೆಸುವ ತಾಪತ್ರಯವೇ ತಪ್ಪಿತು, ಎಲ್ಲ ಚೆಂಡೂ ಸ್ಟ್ರೈಕ್ ಆದರೆ ಸಿಗುವ 300 ಅಂಕದ ಪೂರ್ಣ ಆಟಗಳು ಅಗ್ಗವಾದವು.

ಇದರಲ್ಲಿ ನನಗೆ ಬಹಳ ಮನಸ್ಸಿಗೆ ತಟ್ಟಿದ್ದು ಗ್ಲೆನ್ ಆಲಿಸನ್ ಕಥೆ. ಒಂದು ಕಾಲದ ವೃತ್ತಿಪರ. 1982ರ ಜುಲೈ 1ರಂದು ಕ್ಯಾಲಿಫೋರ್ನಿಯಾದ ಲಾ ಹಾಬ್ರಾದಲ್ಲಿ, ಊರಿನ ಲೀಗಿನಲ್ಲಿ ಆಡುತ್ತಾ ಸತತ 36 ಸ್ಟ್ರೈಕ್ ಹಾಕಿದ. ಮೂರು ಆಟ, ಮೂರು ಸಲ 300. ಒಟ್ಟು 900. ಅಂಥದ್ದು ಅಲ್ಲಿಯವರೆಗೆ ದಾಖಲೆಯಲ್ಲಿರಲಿಲ್ಲ. ಬೌಲಿಂಗ್ ಕಾಂಗ್ರೆಸ್‌ನವರು ಬಂದು ಲೇನ್ ಪರೀಕ್ಷಿಸಿ, ಎಣ್ಣೆ ನಿಯಮದಂತೆ ಹಚ್ಚಿಲ್ಲ ಎಂದು ದಾಖಲೆ ಒಪ್ಪಲಿಲ್ಲ. ಎಣ್ಣೆ ಹಚ್ಚಿದ್ದು ಅವನಲ್ಲ. ಮೊದಲ ಅಧಿಕೃತ 900 ಬಂದದ್ದು 1997ರಲ್ಲಿ, ಜೆರೆಮಿ ಸೊನೆನ್‌ಫೆಲ್ಡ್ ಎಂಬ ಹುಡುಗನಿಂದ.

ಅದೇ 1997ರಲ್ಲಿ ಎಬಿಸಿ ಶನಿವಾರದ ಪ್ರಸಾರ ನಿಲ್ಲಿಸಿತು. 35 ವರ್ಷ ನಡೆದಿತ್ತು. ನೋಡುವವರಿಗೆ ವಯಸ್ಸಾಗಿತ್ತು, ಜಾಹೀರಾತಿನವರಿಗೆ ಎಳೆಯರು ಬೇಕಿತ್ತು. ಫ್ಯಾಕ್ಟರಿಗಳು ಮುಚ್ಚಿ, ಪಾಳಿಯ ಜೊತೆ ಹುಟ್ಟಿದ ಲೀಗುಗಳೂ ಕರಗಿದ್ದವು. 2000ದಲ್ಲಿ ಮೈಕ್ರೋಸಾಫ್ಟ್‌ನಲ್ಲಿ ದುಡ್ಡು ಮಾಡಿದ್ದ ಮೂವರು ಪಿಬಿಎಯನ್ನೇ ಕೊಂಡುಕೊಂಡು, ಆಟಕ್ಕೆ ಸ್ವಲ್ಪ ಮಸಾಲೆ ಹಾಕಲು ನೋಡಿದರು. ಕಪ್ಪು ಕನ್ನಡಕದ ಪೀಟ್ ವೆಬರ್ (ಬಡ್‌ವೈಸರ್ ತಂಡದ ಡಿಕ್ ವೆಬರ್ ಮಗ) ಅದಕ್ಕೆ ಹೇಳಿ ಮಾಡಿಸಿದವನು. 2012ರ ಬೌಲಿಂಗ್ ಯುಎಸ್ ಓಪನ್ನನ್ನು ಒಂದೇ ಪಿನ್ನಿನಿಂದ, 215-214ರಲ್ಲಿ ಗೆದ್ದ. ಐದನೇ ಸಲ ಗೆದ್ದು ಅಪ್ಪನ ದಾಖಲೆಯನ್ನೂ ಮುರಿದಿದ್ದ. ಆ ಆವೇಶದಲ್ಲಿ ಬೆರಳು ತೋರಿಸಿ, ನೀನು ಯಾರು ಅಂದ್ಕೊಂಡಿದೀಯ, ನಾನೇ! ಎಂದು ಕಿರುಚಿದ. ಅರ್ಥವಿಲ್ಲದ ಆ ವಾಕ್ಯವನ್ನು ಇಂದಿಗೂ ಜನ ಹಾಕಿಕೊಂಡು ನೋಡಿ ನಗುತ್ತಾರೆ. ಬೌಲಿಂಗ್ ಗೊತ್ತಿಲ್ಲದವರಿಗೂ ಆ ಕಿರುಚಾಟ ಗೊತ್ತು. 2010ರಲ್ಲಿ ಕೆಲ್ಲಿ ಕ್ಯುಲಿಕ್ ಎಂಬ ಹೆಣ್ಣುಮಗಳು ಗಂಡಸರನ್ನೆಲ್ಲ ಸೋಲಿಸಿ ಪಿಬಿಎ ಪ್ರಶಸ್ತಿ ಗೆದ್ದಿದ್ದಳು. ಅದು ಅಷ್ಟು ಜನಕ್ಕೆ ಗೊತ್ತಿಲ್ಲ.

ಇತ್ತೀಚೆಗೆ ಟಿವಿ ಪಂದ್ಯಗಳಿಗೆ ನೀಲಿ ಬಣ್ಣದ ಎಣ್ಣೆ ಹಚ್ಚಿ ನೋಡಿದ್ದೂ ಉಂಟು, ಜನಕ್ಕೆ ಕಾಣಲಿ ಎಂದು. ಐವತ್ತು ವರ್ಷ ಮೊದಲೇ ಯಾರಿಗಾದರೂ ಹೊಳೆದಿದ್ದರೆ!

ಆ ಸಂಜೆಗೆ ವಾಪಸ್ ಬರುತ್ತೇನೆ. ಪಕ್ಕದ ಲೇನಿನ ಹಿರಿಯರು ಹೊರಡುವ ಮೊದಲು ನನ್ನ ಆಟ ನೋಡಲಾರದೆ ಒಂದು ಗುಟ್ಟು ಹೇಳಿದರು. ದೂರದ ಪಿನ್ನು ನೋಡಬೇಡ, 15 ಅಡಿ ಮುಂದೆ ಹಲಗೆಯಲ್ಲಿ ಬಾಣದ ಗುರುತುಗಳಿವೆ, ಅದನ್ನು ನೋಡಿ ಬಿಡು ಎಂದು. ಬಿಟ್ಟೆ. ಒಂಬತ್ತು ಬಿದ್ದವು. ಮೂಲೆಯ ಹತ್ತನೇ ಪಿನ್ನು ನಡುಗಿತು, ಓಲಾಡಿತು, ನಿಂತಿತು. ಅವರು ಅದಕ್ಕೆ ಕೈ ಬೀಸಿ, ಚೆಂಡುಗಳನ್ನು ಚೀಲಕ್ಕೆ ತುಂಬಿಕೊಂಡು, ಟವೆಲನ್ನು ನನ್ನ ಕೈಗೆ ಕೊಟ್ಟು ಬೆರಳು ಒರೆಸಿಕೋ ಎಂದರು. ನಾನು ಅಷ್ಟರಲ್ಲೇ ಅಂಗಿಗೆ ಒರೆಸಿಕೊಂಡಿದ್ದೆ.

ಮನೆಗೆ ಬಂದಾಗ ಅಕ್ಕ ಬಾಗಿಲು ತೆಗೆದು, ಬಿಳಿ ಅಂಗಿ ನೋಡಿದಳು.

"ಏನೋ ಇದು ಕಲೆ?"

"ಎಣ್ಣೆ ಅಕ್ಕ" ಎಂದೆ.

ಅಕ್ಕ ನನ್ನನ್ನು ಬಿಟ್ಟು ಹಿಂದೆ ನಿಂತಿದ್ದ ಭಾವನ ಕಡೆ ನೋಡಿದಳು. "ಬಂದು ಎರಡು ದಿನ ಆಗಿಲ್ಲ, ಅವನಿಗೆ ಎಣ್ಣೆ ಹಾಕ್ಸಿದ್ರಾ?"